ನಾಲ್ಕು ಸೀಟು, ಮೂವರು ಪೈಲಟ್‌ಗಳು: ಬಾಡಿಗೆಗೆ ಸಿಗುವ ಸೆಸ್ನಾ 172ಎಸ್ ಹೇಗಿದೆ?

ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿ ಪ್ರೈವೇಟ್ ಪೈಲಟ್ ಲೈಸೆನ್ಸ್ ಕೈಗೆ ಬಂದವರು ಮೊದಲು ಮಾಡುವ ಕೆಲಸ ಮನೆಯವರನ್ನು ಗೋಲ್ಡನ್ ಗೇಟ್ ಸೇತುವೆಯ ಮೇಲೆ ಒಂದು ಸುತ್ತು ಹಾಕಿಸಿ ತರುವುದು. ಎರಡು ಸಲ ಆಗುವಷ್ಟರಲ್ಲಿ ಮನೆಯವರಿಗೆ ಸಾಕಾಗಿರುತ್ತದೆ. ಹಿಂದಿನ ಸೀಟಿನ ಸೆಕೆ, ಸದ್ದು, ಹೊಟ್ಟೆ ತೊಳಸು ಇವೆಲ್ಲ ಕಾರಣ. ಆಮೇಲಿನ ಶನಿವಾರಗಳಲ್ಲಿ ಜೊತೆಗೆ ಬರುವವರು ಬೇರೆ ಪೈಲಟ್‌ಗಳೇ, ಮತ್ತು ಅವರು ಸೇರಿ ಬಾಡಿಗೆಗೆ ತೆಗೆದುಕೊಳ್ಳುವುದು ಹೆಚ್ಚಾಗಿ ಸೆಸ್ನಾ 172ಎಸ್. ಕಲಿಯುವವರ ವಿಮಾನವಾಗಿ ಇದರ ಗುಣಗಾನ ಬೇಕಾದಷ್ಟು ಆಗಿದೆ. ಇಲ್ಲಿ ನೋಡುತ್ತಿರುವುದು ಇಬ್ಬರೋ ಮೂವರೋ ಹೊಸ ಪೈಲಟ್‌ಗಳು ಒಟ್ಟಿಗೆ ಎಲ್ಲಿಗಾದರೂ ಹೋಗಿ ಊಟ ಮಾಡಿ ಬರಲು ಇದು ಎಷ್ಟರಮಟ್ಟಿಗೆ ಒದಗುತ್ತದೆ ಎಂಬುದನ್ನು. ಇಬ್ಬರಿಗೆ ಧಾರಾಳ. ಮೂವರಿಗೆ ಲೆಕ್ಕ ಹಾಕಿದರೆ ಸರಿ. ನಾಲ್ವರಿಗೆ ಇರುವುದು ಸೀಟು ಮಾತ್ರ.

172 ಮೊದಲು ಹಾರಿದ್ದು 1955ರಲ್ಲಿ. ಈವರೆಗೆ ತಯಾರಾದದ್ದು 44,000ಕ್ಕೂ ಹೆಚ್ಚು. 1986ರಲ್ಲಿ ನಿಂತ ತಯಾರಿಕೆ ಹತ್ತು ವರ್ಷದ ಬಳಿಕ ಮತ್ತೆ ಶುರುವಾಯಿತು. ಎಸ್ ಮಾದರಿ ಬಂದದ್ದು ಆಮೇಲೆ, 180 ಅಶ್ವಶಕ್ತಿಯ ಲೈಕಮಿಂಗ್ ಐಒ-360-ಎಲ್2ಎ ಎಂಜಿನ್ ಹೊತ್ತು. ಇಂಧನ ಇಂಜೆಕ್ಷನ್ ಇರುವುದರಿಂದ ಹಳೆಯ 172ಗಳಂತೆ ಕಾರ್ಬ್ಯುರೇಟರಿನಲ್ಲಿ ಮಂಜುಗಡ್ಡೆ ಕಟ್ಟುವ ಕಾಟ ಇದಕ್ಕಿಲ್ಲ. ವೇಗದ ಬಗ್ಗೆ ಹೆಚ್ಚು ಹೇಳುವುದಿಲ್ಲ: 115ರಿಂದ 120 ನಾಟ್ (ಗಂಟೆಗೆ ನಾಟಿಕಲ್ ಮೈಲಿ) ಎಂದು ಪ್ಲ್ಯಾನ್ ಮಾಡಿದರೆ ಮೋಸವಾಗದು.

ಮೂವರು ಹೊರಡುವ ಪ್ರವಾಸ ಕೆಡುವುದಿದ್ದರೆ ಅದು ಸಾಮಾನ್ಯವಾಗಿ ತೂಕದಲ್ಲಿ ಕೆಡುತ್ತದೆ. ಗರಿಷ್ಠ ಟೇಕಾಫ್ ತೂಕ 2,550 ಪೌಂಡ್. ಖಾಲಿ ತೂಕ ಒಂದೊಂದು ವಿಮಾನಕ್ಕೂ ಬೇರೆ ಬೇರೆ; ಜಿ1000 ಎಂಬ ಡಿಜಿಟಲ್ ಉಪಕರಣ ಪರದೆಗಳಿರುವ ವಿಮಾನ ಸಾಮಾನ್ಯವಾಗಿ 1,700 ಪೌಂಡ್ ಆಸುಪಾಸು ಇರುತ್ತದೆ. ಲೆಕ್ಕಕ್ಕೆ 1,690 ಎಂದು ಹಿಡಿಯೋಣ. ಉಳಿಯುವುದು 860. ಎರಡೂ ರೆಕ್ಕೆಗಳಲ್ಲಿ ಬಳಸಲು ಸಿಗುವ ಇಂಧನ 53 ಗ್ಯಾಲನ್, ಗ್ಯಾಲನ್ನಿಗೆ 6 ಪೌಂಡ್‌ನಂತೆ 318 ಪೌಂಡ್. ಟ್ಯಾಂಕ್ ತುಂಬಿದ್ದರೆ ಜನಕ್ಕೂ ಚೀಲಕ್ಕೂ ಸೇರಿ 542 ಪೌಂಡ್, ಅಂದರೆ 246 ಕೆಜಿ. ತಲಾ 180 ಪೌಂಡಿನ ಮೂವರು ಹತ್ತಿದರೆ ಉಳಿಯುವುದು 2 ಪೌಂಡ್. ಒಂದು ನೀರಿನ ಬಾಟಲಿ ಇಡಬಹುದು. ಹೆಡ್‌ಸೆಟ್, ಐಪ್ಯಾಡ್, ಚಿತ್ರಾನ್ನದ ಡಬ್ಬಿ ಎಲ್ಲ ಮಿತಿಯಾಚೆಗೆ.

ಇದಕ್ಕೆ ಪರಿಹಾರ ವಿಮಾನದಲ್ಲೇ ಇದೆ. ಟ್ಯಾಂಕಿನ ಬಾಯಿಯೊಳಗೆ ಕೆಳಕ್ಕೆ ಚಾಚಿದ ಒಂದು ಲೋಹದ ಪಟ್ಟಿ ಕಾಣುತ್ತದೆ. ಇಂಧನ ಅದರ ಕೆಳ ಅಂಚು ಮುಟ್ಟಿದರೆ ಆ ಟ್ಯಾಂಕಿನಲ್ಲಿ 17.5 ಗ್ಯಾಲನ್, ಎರಡೂ ಸೇರಿ 35. ತೂಕ 210 ಪೌಂಡ್. ಆಗ ಜನಕ್ಕೆ 650 ಪೌಂಡ್ ಸಿಗುತ್ತದೆ. ಅದೇ ಮೂವರು ಕುಳಿತ ಮೇಲೂ 110 ಪೌಂಡ್ ಮಿಗುತ್ತದೆ. ಗಂಟೆಗೆ ಒಂಬತ್ತೂವರೆ ಗ್ಯಾಲನ್ ಕುಡಿಯುತ್ತದೆಂದರೆ 35 ಗ್ಯಾಲನ್‌ನಲ್ಲಿ ಮೂರೂವರೆ ಗಂಟೆಗಿಂತ ಸ್ವಲ್ಪ ಹೆಚ್ಚು. ಹಗಲಿನ ವಿಎಫ್‌ಆರ್ (ಹೊರಗೆ ಕಣ್ಣಿಟ್ಟು ಹಾರಿಸುವ) ಹಾರಾಟಕ್ಕೆ ಅಮೆರಿಕದ ನಿಯಮ ಕೇಳುವ ಮೀಸಲು 30 ನಿಮಿಷ, ರಾತ್ರಿಗೆ 45. ಹೊಸಬರು ಒಂದು ಗಂಟೆ ಇಟ್ಟುಕೊಳ್ಳುವುದು ಮೇಲು. ಅಷ್ಟು ಕಳೆದರೂ ಎರಡೂವರೆ ಗಂಟೆ ಹಾರಬಹುದು, ಊಟದ ಪ್ರವಾಸಕ್ಕೆ ಅದು ಸಾಕು. ನಾಲ್ವರನ್ನು ಕೂರಿಸಿದರೆ ಇಂಧನಕ್ಕೆ 140 ಪೌಂಡ್, ಅಂದರೆ 23 ಗ್ಯಾಲನ್. ಮೀಸಲು ಕಳೆದರೆ ಒಂದೂವರೆ ಗಂಟೆಯೂ ಇಲ್ಲ, ಚೀಲವೂ ಇಲ್ಲ.

ತೊಡಕಿರುವುದು ಬೇರೆ ಕಡೆ. ಬಾಡಿಗೆ ವಿಮಾನಗಳನ್ನು ಹಾರಾಟ ಮುಗಿದೊಡನೆ ಟ್ಯಾಂಕ್ ತುಂಬಿಸಿಡುವ ರೂಢಿ ಅನೇಕ ಕಡೆ ಇದೆ. ಬೆಳಿಗ್ಗೆ ಬಂದು ನೋಡಿದರೆ ಅಂಚಿನವರೆಗೆ ಇಂಧನ, ಪಕ್ಕದಲ್ಲಿ ಮೂವರು ದಢೂತಿ ಪೈಲಟ್‌ಗಳು. ತುಂಬಿದ್ದನ್ನು ತೆಗೆಯುವುದು ಸುಲಭದ ಕೆಲಸವಲ್ಲ. ಆದ್ದರಿಂದ ಹಿಂದಿನ ಸಂಜೆಯೇ ಬಾಡಿಗೆಗೆ ಕೊಡುವ ಕ್ಲಬ್ಬಿಗೆ ಫೋನ್ ಮಾಡಿ ಪಟ್ಟಿಯ ಮಟ್ಟಕ್ಕೇ ನಿಲ್ಲಿಸಲು ಹೇಳಬೇಕು, ಬೆಳಿಗ್ಗೆ ಅಳತೆ ಕಡ್ಡಿ ಇಳಿಸಿ ನೋಡಬೇಕು. ಇನ್ನೊಂದು ಮಾತು, ತೂಕ ಕೇಳಿದಾಗ ಎಲ್ಲರೂ ತಮ್ಮ ಮದುವೆ ಕಾಲದ ತೂಕ ಹೇಳುತ್ತಾರೆ. ಬೂಟು, ಜಾಕೆಟ್ ಸಮೇತ ತೂಕದ ಯಂತ್ರದ ಮೇಲೆ ನಿಲ್ಲಿಸುವುದೇ ವಾಸಿ.

ಒಟ್ಟು ತೂಕ ಸರಿಯಿದ್ದರೂ ಅದು ಎಲ್ಲಿ ಕುಳಿತಿದೆ ಎಂಬುದು ಕೈಗೆ ಗೊತ್ತಾಗುತ್ತದೆ. ಮುಂದೆ ಇಬ್ಬರೇ ಇದ್ದು ಹಿಂದೆ ಖಾಲಿ ಇದ್ದಾಗ 172ಎಸ್ ಮೂಗು ಭಾರ. ಇಳಿಯುವಾಗ ಯೋಕ್ (ವಿಮಾನ ಹಾರಿಸುವ ಹಿಡಿ) ಚೆನ್ನಾಗಿ ಎಳೆಯಬೇಕು. ಎಳೆಯದಿದ್ದರೆ ಮೂಗಿನ ಚಕ್ರ ಮೊದಲು ನೆಲ ಮುಟ್ಟುತ್ತದೆ, ವಿಮಾನ ಪುಟಿಯುತ್ತದೆ, ಎರಡನೆಯ ಮೂರನೆಯ ಪುಟಿತಕ್ಕೆ ಪ್ರೊಪೆಲ್ಲರ್ ನೆಲ ಕಾಣುತ್ತದೆ ಅಥವಾ ಎಂಜಿನ್ ಹಿಂದಿನ ಫೈರ್‌ವಾಲ್ ಸುಕ್ಕುಗಟ್ಟುತ್ತದೆ. ಪುಟಿದಾಗ ಮೂಗನ್ನು ಒತ್ತಿ ಕೂರಿಸಲು ಹೋಗದೆ ಪೂರ್ತಿ ಪವರ್ ಕೊಟ್ಟು ಮತ್ತೆ ಸುತ್ತು ಬರುವುದು ಸರಿಯಾದ ದಾರಿ. ಹಿಂದೆ ಒಬ್ಬರು ಕುಳಿತರೆ ಕಥೆ ಬದಲಾಗುತ್ತದೆ. ಮೂಗನ್ನು ಏರಿಸಿಳಿಸುವ ಎಲಿವೇಟರ್ ಹಗುರಾಗುತ್ತದೆ, ತರಬೇತಿಯಲ್ಲಿ ಇಬ್ಬರಿದ್ದಾಗ ರೂಢಿಯಾದಷ್ಟೇ ಎಳೆದರೆ ನೆಲದಿಂದ ಹತ್ತು ಅಡಿ ಮೇಲೆ ವಿಮಾನ ತೇಲಿ ವೇಗ ಕಳೆದುಕೊಳ್ಳುತ್ತದೆ. ಅದಕ್ಕೇ ಮೂರನೆಯವರನ್ನು ಮೊದಲ ಸಲ ಕೂರಿಸಿಕೊಂಡ ದಿನ ದೂರ ಹೊರಡುವ ಮೊದಲು ಸ್ವಂತ ನಿಲ್ದಾಣದಲ್ಲೇ ಎರಡು ಲ್ಯಾಂಡಿಂಗ್ ಮಾಡಿ ನೋಡುವುದು ಒಳ್ಳೆಯದು. ಹೆಚ್ಚು ತೂಕದವರು ಮುಂದೆ, ಹಗುರಾದವರು ಹಿಂದೆ. ಸಾಮಾನು ಜಾಗದ ಮಿತಿ ಒಟ್ಟು 120 ಪೌಂಡ್, ತೀರಾ ಹಿಂದಿನ ಭಾಗಕ್ಕೆ 50 ಮಾತ್ರ.

ಊಟ ಮುಗಿಸಿ ಬಂದಾಗ ಇನ್ನೊಂದು ಪರೀಕ್ಷೆ: ಬಿಸಿ ಎಂಜಿನ್. ನಿಂತ ಎಂಜಿನ್ನಿನ ಕಾವಿಗೆ ಕೌಲಿಂಗ್ ಒಳಗಿನ ಸಣ್ಣ ಇಂಧನ ಕೊಳವೆಗಳಲ್ಲಿ ಪೆಟ್ರೋಲ್ ಆವಿಯಾಗುತ್ತದೆ, ಆವಿ ದಾರಿ ಕಟ್ಟುತ್ತದೆ. ನಿಲ್ಲಿಸಿ ಅರ್ಧ ಗಂಟೆಯಿಂದ ಒಂದು ಗಂಟೆಯ ಒಳಗೆ ಹೊರಟರೆ ಈ ಕಾಟ ಹೆಚ್ಚು. ತಣ್ಣಗಿನ ಎಂಜಿನ್ನಿಗೆ ಕ್ರಮ ಹೀಗೆ: ಥ್ರಾಟಲ್ ಕಾಲು ಇಂಚು ತೆರೆದು, ಪಂಪ್ ಹಾಕಿ, ಮಿಕ್ಸ್ಚರ್ (ಗಾಳಿಗೆ ಸೇರುವ ಇಂಧನ ಹೆಚ್ಚು ಕಡಿಮೆ ಮಾಡುವ ಹಿಡಿ) ಪೂರ್ತಿ ತಳ್ಳಿ, ಇಂಧನ ಹರಿವು ಸ್ಥಿರವಾಗುವವರೆಗೆ ಮೂರರಿಂದ ಐದು ಸೆಕೆಂಡ್ ಕಾದು, ಮಿಕ್ಸ್ಚರ್ ವಾಪಸ್ ಎಳೆದು ಸ್ಟಾರ್ಟರ್ ತಿರುಗಿಸುವುದು, ಹೊತ್ತಿಕೊಂಡಾಗ ಮಿಕ್ಸ್ಚರ್ ಮುಂದೆ. ಬಿಸಿ ಎಂಜಿನ್ನಿಗೆ ಮೊದಲೇ ಇಂಧನ ಹರಿಸುವ ಈ ಪ್ರೈಮಿಂಗ್ ಬಿಟ್ಟು ನೇರ ಸ್ಟಾರ್ಟರ್‌ಗೆ ಹೋಗಬೇಕು. ಹೊಸಬರು ಗಾಬರಿಯಲ್ಲಿ ಮತ್ತೆ ಮತ್ತೆ ಪ್ರೈಮ್ ಮಾಡಿ ಎಂಜಿನ್ ತೋಯಿಸಿಬಿಡುತ್ತಾರೆ. ಹಾಗಾದರೆ ಪಂಪ್ ಆರಿಸಿ, ಮಿಕ್ಸ್ಚರ್ ಪೂರ್ತಿ ಹಿಂದೆ, ಥ್ರಾಟಲ್ ಅರ್ಧದಿಂದ ಪೂರ್ತಿ ಮುಂದೆ, ಸ್ಟಾರ್ಟರ್. ಹೊತ್ತಿಕೊಂಡ ಕ್ಷಣ ಥ್ರಾಟಲ್ ಹಿಂದಕ್ಕೆ, ಮಿಕ್ಸ್ಚರ್ ಮುಂದಕ್ಕೆ. ಸ್ಟಾರ್ಟರಿಗೂ ಮಿತಿಯಿದೆ: 10 ಸೆಕೆಂಡ್ ತಿರುಗಿಸಿ 20 ಸೆಕೆಂಡ್ ಬಿಡುವು, ಹೀಗೆ ಮೂರು ಸಲ, ಆಮೇಲೆ 10 ನಿಮಿಷ ಸುಮ್ಮನಿರಬೇಕು. ಪಕ್ಕದ, ಹಿಂದಿನ ಸೀಟಿನಿಂದ ಇಬ್ಬರು ಎರಡು ಬಗೆಯ ಸಲಹೆ ಕೊಡುತ್ತಿರುವಾಗ ಈ 10 ನಿಮಿಷ ತುಂಬ ಉದ್ದ.

ಪೈಲಟ್‌ಗಳು ಹೆಚ್ಚಿದಷ್ಟು ತಪಾಸಣೆ ಚೆನ್ನಾಗಿ ಆಗುತ್ತದೆ ಎಂದು ತೋರುತ್ತದೆ, ಆಗುವುದಿಲ್ಲ. ಮದುವೆ ಮನೆಯ ಒಲೆಯ ಮೇಲಿಟ್ಟ ಹಾಲಿನ ಹಾಗೆ: ಸುತ್ತ ಹತ್ತು ಜನ ಇದ್ದಾರೆ, ಉಕ್ಕುವುದು ಯಾರ ಕಣ್ಣಿಗೂ ಬೀಳುವುದಿಲ್ಲ. 172ಎಸ್‌ನಲ್ಲಿ ಇಂಧನದ ಮಾದರಿ ತೆಗೆಯಲು 13 ಜಾಗಗಳಿವೆ, ಒಂದೊಂದು ರೆಕ್ಕೆಯ ಕೆಳಗೆ ಐದು, ಮೂಗಿನ ಕೆಳಗೆ ಮೂರು. ಎಡ ರೆಕ್ಕೆ ಒಬ್ಬರು, ಬಲ ರೆಕ್ಕೆ ಒಬ್ಬರು ಎಂದು ಹಂಚಿಕೊಂಡಾಗ ಬಿಟ್ಟುಹೋಗುವುದು ಮೂಗಿನ ಮೂರು. ಎಂಜಿನ್ ಎಣ್ಣೆಯೂ ಹಾಗೆಯೇ: 5 ಕ್ವಾರ್ಟ್‌ಗಿಂತ (ಕ್ವಾರ್ಟ್ ಎಂದರೆ ಲೀಟರಿಗೆ ತುಸು ಕಡಿಮೆ) ಕಡಿಮೆ ಇದ್ದರೆ ಹಾರುವಂತಿಲ್ಲ, ತುಂಬಿದರೆ 8, ಆದರೆ 8ರವರೆಗೆ ಹಾಕಿದರೆ ಮೇಲಿನದು ಬ್ರೀದರ್ ಕೊಳವೆಯಿಂದ ಹೊಟ್ಟೆಯ ಕೆಳಗೆಲ್ಲ ಚೆಲ್ಲುತ್ತದೆ. ಆರೂವರೆ, ಏಳು ಸಾಕು. ಒಬ್ಬರು ಹಾಕಿದ್ದು ತಿಳಿಯದೆ ಇನ್ನೊಬ್ಬರು ಇನ್ನೊಂದು ಕ್ವಾರ್ಟ್ ಸುರಿಯುವುದು ಅಪರೂಪವಲ್ಲ. ಎಲ್ಲಕ್ಕಿಂತ ದುಬಾರಿ ಮರೆವು ವಿಮಾನವನ್ನು ಕೈಯಲ್ಲಿ ಎಳೆಯಲು ಮೂಗಿನ ಚಕ್ರಕ್ಕೆ ಸಿಕ್ಕಿಸಿದ ಟೋ ಬಾರ್. ಅದನ್ನು ಬಿಟ್ಟೇ ಎಂಜಿನ್ ಶುರು ಮಾಡಿದರೆ ಪ್ರೊಪೆಲ್ಲರ್ ಹೋಯಿತು, ಎಂಜಿನ್ ಬಿಚ್ಚಿ ನೋಡುವ ಖರ್ಚೂ ಬಂತು. ಕೈ ಬಾರಿನಿಂದ ತೆಗೆದರೆ ಬಾರ್ ಚಕ್ರದಿಂದ ತೆಗೆದಿರಬೇಕು, ಮಧ್ಯೆ ಬೇರೆ ಸ್ಥಿತಿಯೇ ಇರಬಾರದು. ಆ ದಿನದ ಕ್ಯಾಪ್ಟನ್ ಒಬ್ಬರೇ ಇಡೀ ವಿಮಾನ ಸುತ್ತಿ ನೋಡಲಿ, ಉಳಿದವರು ಮಾತಾಡಿಸದೆ ದೂರ ನಿಲ್ಲಲಿ.

ಒಳಗೆ ಕುಳಿತ ಮೇಲೆ ಸೀಟನ್ನು ಮುಂದೆ ಹಿಂದೆ ಜಗ್ಗಿ ನೋಡಬೇಕು. ಸೀಟಿನ ಪಿನ್ ಹಳಿಯ ತೂತಿಗೆ ಸರಿಯಾಗಿ ಕೂರದೆ, ಟೇಕಾಫ್ ಹೊತ್ತಿಗೆ ಸೀಟು ಹಿಂದಕ್ಕೆ ಜಾರಿ, ಪೈಲಟ್ ಯೋಕ್ ಹಿಡಿದೇ ಹಿಂದೆ ಬೀಳುವುದು ಸೆಸ್ನಾಗಳ ಹಳೆಯ ರೋಗ. ಬಾಗಿಲು ಗಾಳಿಯಲ್ಲಿ ತೆರೆದುಕೊಂಡರೆ ಸದ್ದು ಜೋರು, ಅಪಾಯ ಕಡಿಮೆ. ವಿಮಾನ ಹಾರಿಸುತ್ತಾ ಇರಿ, ಇಳಿದು ಮುಚ್ಚಿದರಾಯಿತು.

ಯಾರು ಕ್ಯಾಪ್ಟನ್ ಎಂಬುದು ಎಂಜಿನ್ ಶುರುವಾಗುವ ಮೊದಲೇ ಬಾಯಿಬಿಟ್ಟು ಹೇಳಿಕೊಂಡಿರಬೇಕು. ಎಡ ಸೀಟಿನಲ್ಲಿ ಕುಳಿತವರೇ ಆಗಬೇಕೆಂದಿಲ್ಲ. ಇಬ್ಬರಿಗೂ ಲೈಸೆನ್ಸ್ ಇದೆ, ಇಬ್ಬರ ಮುಂದೆಯೂ ಯೋಕ್ ಇದೆ, ಗಾಳಿ ಅಡ್ಡ ಬೀಸುವಾಗ ಇಬ್ಬರ ಕಾಲೂ ರಡ್ಡರ್ ಒತ್ತುತ್ತಿದ್ದರೆ ವಿಮಾನ ಇಬ್ಬರ ಮಾತನ್ನೂ ಕೇಳುವುದಿಲ್ಲ. ಕೈ ಬದಲಾಯಿಸುವಾಗ ಮೂರು ಸಲ ಹೇಳುವ ಪದ್ಧತಿ ಬಿಡಬಾರದು: ಕೊಡುವವರು ‘ಯುವರ್ ಕಂಟ್ರೋಲ್ಸ್’, ತೆಗೆದುಕೊಳ್ಳುವವರು ‘ಮೈ ಕಂಟ್ರೋಲ್ಸ್’, ಮತ್ತೆ ಕೊಟ್ಟವರು ‘ಯುವರ್ ಕಂಟ್ರೋಲ್ಸ್’. ಕನ್ನಡದವರೇ ಕೂಡಿ ಹೊರಟಾಗ ಇಂಟರ್‌ಕಾಮ್‌ನಲ್ಲಿ ಹರಟೆ ಕನ್ನಡದಲ್ಲೇ ನಡೆಯುತ್ತದೆ, ನಡೆಯಲಿ. ಈ ಒಂದು ವಿಷಯದಲ್ಲಿ ಮಾತ್ರ ನಮ್ಮ ಭಾಷೆ ಕೈಕೊಡುತ್ತದೆ. ‘ಬಿಡು’ ಎಂದರೆ ಯೋಕ್ ಬಿಡು ಎಂದೂ ಆಯಿತು, ‘ಇರಲಿ ಬಿಡು ಗುರು’ ಎಂದೂ ಆಯಿತು. ‘ಹತ್ತು’ ಎಂದರೆ ಮೇಲಕ್ಕೇರಬೇಕೇ, ದಿಕ್ಕು ಹತ್ತು ಡಿಗ್ರಿ ತಿರುಗಬೇಕೇ? ‘ಏಳು’ ಕಥೆಯೂ ಅದೇ. ಹಿಡಿತ, ಎತ್ತರ, ದಿಕ್ಕು, ವೇಗ ಇವಿಷ್ಟನ್ನು ಟವರಿನೊಂದಿಗೆ ಆಡುವ ಮಾತಿನಲ್ಲೇ ಆಡಿ. ಟ್ಯಾಕ್ಸಿ, ಟೇಕಾಫ್, ಕೊನೆಯ ಹತ್ತು ಮೈಲಿಯಲ್ಲಿ ಹರಟೆಯೇ ಬೇಡ.

ಬಲ ಸೀಟಿನ ಪೈಲಟ್‌ಗೆ ಕೆಲಸ ಕೊಟ್ಟರೆ ಈ ವಿಮಾನ ನಿಜಕ್ಕೂ ಸೊಗಸು. ಜಿ1000ನ ಬಲ ಪರದೆ ಅವರ ಕೈಯಳತೆಯಲ್ಲೇ ಇದೆ. ನಿಲ್ದಾಣದ ಹವಾಮಾನ ಹೇಳುವ ಎಟಿಸ್ ಧ್ವನಿಮುದ್ರಣ ಕೇಳಿ ಬರೆದುಕೊಳ್ಳುವುದು, ಮುಂದಿನ ಫ್ರೀಕ್ವೆನ್ಸಿ ಹಾಕಿಡುವುದು, ಇಂಧನದ ಲೆಕ್ಕ ನೋಡುವುದು ಅವರದಾದರೆ ಎಡಗಡೆಯವರು ಕಣ್ಣು ಹೊರಗಿಟ್ಟು ಹಾರಿಸಬಹುದು. ಹೊಸಬರ ದೊಡ್ಡ ದೋಷ ಪರದೆಯೊಳಗೆ ಮುಳುಗುವುದು, ಇಬ್ಬರೂ ಒಟ್ಟಿಗೆ ಮುಳುಗಿದರೆ ಹೊರಗೆ ನೋಡುವವರಿಲ್ಲ. ರೆಕ್ಕೆ ಮೇಲಿರುವುದರಿಂದ ಕೆಳಗಿನ ನೋಟ ಪೂರ್ತಿ ಸಿಗುತ್ತದೆ, ಆದರೆ ತಿರುಗುವಾಗ ಬಾಗಿದ ರೆಕ್ಕೆ ಹೋಗಬೇಕಾದ ದಿಕ್ಕನ್ನೇ ಮುಚ್ಚುತ್ತದೆ. ತಿರುಗುವ ಮೊದಲು ಆ ಕಡೆಯ ರೆಕ್ಕೆ ಸ್ವಲ್ಪ ಎತ್ತಿ ನೋಡಬೇಕು. ಎರಡು ವಿಮಾನಗಳಲ್ಲಿ ಜೊತೆಯಾಗಿ ಹೊರಡುವವರಿಗೆ ಇದು ಇನ್ನೂ ಮುಖ್ಯ. ಮೇಲ್ರೆಕ್ಕೆಯವರು ಮೇಲೆ ನೋಡಲಾರರು, ಕೆಳರೆಕ್ಕೆಯವರು ಕೆಳಗೆ ನೋಡಲಾರರು. ತರಬೇತಿ ಇಲ್ಲದೆ ಫೋಟೊಗಾಗಿ ಹತ್ತಿರ ಹೋಗುವುದು ಬೇಡ. ಮೈಲಿಗಟ್ಟಲೆ ಅಂತರವಿಟ್ಟು, ಪರಸ್ಪರ ಮಾತಿಗೆ 122.75 ಫ್ರೀಕ್ವೆನ್ಸಿ ಬಳಸಿ.

ಇನ್‌ಸ್ಟ್ರುಮೆಂಟ್ ರೇಟಿಂಗ್ (ಹೊರಗೆ ಕಾಣದಾಗ ಉಪಕರಣ ನೋಡಿಯೇ ಹಾರಿಸುವ ಅನುಮತಿ) ಕಡೆಗೆ ಹೊರಟವರಿಗೆ ಜೊತೆ ಪೈಲಟ್ ಇದ್ದರೆ ಲಾಭ ಹೆಚ್ಚು. ಅದಕ್ಕೆ 40 ಗಂಟೆ ಇನ್‌ಸ್ಟ್ರುಮೆಂಟ್ ಅನುಭವ, ಕ್ಯಾಪ್ಟನ್ ಆಗಿ 50 ಗಂಟೆ ಕ್ರಾಸ್ ಕಂಟ್ರಿ (ದೂರದ ನಿಲ್ದಾಣಕ್ಕೆ ಹಾರಾಟ) ಬೇಕು. ಒಬ್ಬರು ಕಣ್ಣಿಗೆ ಮರೆ ಹಾಕಿಕೊಂಡು ಹಾರಿಸಿದರೆ ಹೊರಗೆ ಕಣ್ಣಿಡುವ ಇನ್ನೊಬ್ಬರು ಸೇಫ್ಟಿ ಪೈಲಟ್. ಸೇಫ್ಟಿ ಪೈಲಟ್ ಕ್ಯಾಪ್ಟನ್ ಹೊಣೆ ಹೊತ್ತಿದ್ದರೆ ಮರೆ ಹಾಕಿದ್ದಷ್ಟು ಹೊತ್ತು ಇಬ್ಬರೂ ಲಾಗ್‌ಬುಕ್ಕಿನಲ್ಲಿ ಕ್ಯಾಪ್ಟನ್ ಸಮಯ ಬರೆದುಕೊಳ್ಳಬಹುದು. ಕ್ರಾಸ್ ಕಂಟ್ರಿ ಮಾತ್ರ ಹಾರಿಸಿದವರಿಗೆ. ಹಿಂದಿನ ಸೀಟಿನವರಿಗೆ ಏನೂ ಇಲ್ಲ, ಕಿಟಕಿ ಇದೆ. ಇನ್ನೊಂದು ವಿಷಯ ಅನೇಕರು ಮರೆಯುತ್ತಾರೆ: ಜೊತೆಗೆ ಸುಮ್ಮನೆ ಕುಳಿತ ಪೈಲಟ್ ಕೂಡ ಪ್ರಯಾಣಿಕರೇ. ಹಿಂದಿನ 90 ದಿನಗಳಲ್ಲಿ ಮೂರು ಟೇಕಾಫ್, ಮೂರು ಲ್ಯಾಂಡಿಂಗ್ ಇಲ್ಲದ ಕ್ಯಾಪ್ಟನ್ ಅವರನ್ನು ಕರೆದೊಯ್ಯುವಂತಿಲ್ಲ.

ಎಲ್ಲಿಗೆ? ಹಾಫ್ ಮೂನ್ ಬೇ ಹತ್ತಿರದ್ದು, 5,000 ಅಡಿಯ ರನ್‌ವೇ, ಸಮುದ್ರದ ಮೀನು. ಬೇಸಗೆಯಲ್ಲಿ ಸಮುದ್ರದ ಮೋಡ ಯಾವಾಗ ಬಂದು ಮುಚ್ಚುತ್ತದೋ ಹೇಳಲಾಗದು, ಊಟ ಬೇಗ ಮುಗಿಸಬೇಕು. 50 ನಾಟಿಕಲ್ ಮೈಲಿಗಿಂತ ಹತ್ತಿರವಾದ್ದರಿಂದ ಕ್ರಾಸ್ ಕಂಟ್ರಿ ಲೆಕ್ಕಕ್ಕೂ ಬಾರದು. ಆ ಲೆಕ್ಕಕ್ಕೆ ಹೇಳಿ ಮಾಡಿಸಿದ್ದು ಹ್ಯಾರಿಸ್ ರ‍್ಯಾಂಚ್: ಸ್ಯಾನ್ ಹೋಸೆಯ ರೀಡ್-ಹಿಲ್‌ವ್ಯೂ ನಿಲ್ದಾಣದಿಂದ ಸುಮಾರು 100 ನಾಟಿಕಲ್ ಮೈಲಿ, ರನ್‌ವೇ ಪಕ್ಕದಲ್ಲೇ ಹೋಟೆಲ್. ಅದು ಸ್ಟೇಕ್‌ಗೆ ಹೆಸರಾದ ಜಾಗ, ಸಸ್ಯಾಹಾರಿಗಳು ಡಬ್ಬಿ ಒಯ್ಯುವುದು ಕ್ಷೇಮ. ರನ್‌ವೇ 2,820 ಅಡಿ ಉದ್ದ, ಅಗಲ ಬರೀ 30 ಅಡಿ. 172ರ ರೆಕ್ಕೆಯ ಅಗಲವೇ 36 ಅಡಿ! ಚಕ್ರಗಳ ನಡುವಿನ ಅಂತರ ಎಂಟು ಅಡಿ ಮಾತ್ರವಾದ್ದರಿಂದ ಜಾಗ ಸಾಲದೆ ಹೋಗುವುದಿಲ್ಲ, ಮೋಸ ಮಾಡುವುದು ಕಣ್ಣು. ಕಿರಿದಾದ ರನ್‌ವೇ ಕಂಡಾಗ ನಾವು ಇರುವುದಕ್ಕಿಂತ ಎತ್ತರದಲ್ಲಿದ್ದೇವೆ ಎನಿಸಿ, ಅರಿವಿಲ್ಲದೆ ಕೆಳಗೆ ಇಳಿದುಬಿಡುತ್ತೇವೆ. ಎತ್ತರವನ್ನು ಆಲ್ಟಿಮೀಟರ್ ನೋಡಿ ಹಿಡಿಯಿರಿ. ಪೂರ್ತಿ ಫ್ಲ್ಯಾಪ್, ಕೊನೆಯಲ್ಲಿ 61ರಿಂದ 65 ನಾಟ್. 70ರಲ್ಲಿ ಬಂದರೆ ಅರ್ಧ ರನ್‌ವೇ ತೇಲುವುದರಲ್ಲೇ ಮುಗಿಯುತ್ತದೆ.

ಲೇಕ್ ಟಾಹೋ ಎಲ್ಲರ ಆಸೆ. ಮೂವರು ಹೊಸಬರು ಬೇಸಗೆಯ ಮಧ್ಯಾಹ್ನ 172ಎಸ್‌ನಲ್ಲಿ ಹೋಗಬಾರದ ಜಾಗವೂ ಅದೇ. ಸೌತ್ ಲೇಕ್ ಟಾಹೋ ನಿಲ್ದಾಣ ಸುಮಾರು 6,270 ಅಡಿ ಎತ್ತರದಲ್ಲಿದೆ. 30 ಡಿಗ್ರಿ ಬಿಸಿಲಿದ್ದರೆ ಗಾಳಿ ಇನ್ನೂ ತೆಳುವಾಗಿ ಎಂಜಿನ್ನಿಗೂ ರೆಕ್ಕೆಗೂ ಅದು 9,500 ಅಡಿಯ ಗಾಳಿ. ಪೂರ್ತಿ ತೂಕದಲ್ಲಿ ಸಮುದ್ರ ಮಟ್ಟದಲ್ಲಿ ನಿಮಿಷಕ್ಕೆ 730 ಅಡಿ ಏರುವ ವಿಮಾನ ಅಲ್ಲಿ 300 ಏರಿದರೆ ಹೆಚ್ಚು, ಸುತ್ತಲೂ ಬೆಟ್ಟ. ರನ್‌ವೇ 8,500 ಅಡಿ ಇದೆಯಲ್ಲ ಎಂಬ ವಾದ ಬೆಟ್ಟಕ್ಕೆ ಗೊತ್ತಿಲ್ಲ. 3,000 ಅಡಿಯ ಮೇಲಿನ ನಿಲ್ದಾಣಗಳಲ್ಲಿ ಟೇಕಾಫ್‌ಗೆ ಮೊದಲು ಪೂರ್ತಿ ಥ್ರಾಟಲ್ ಕೊಟ್ಟು, ಆರ್‌ಪಿಎಂ ಅತಿ ಹೆಚ್ಚಾಗುವಲ್ಲಿಗೆ ಮಿಕ್ಸ್ಚರ್ ಎಳೆಯಬೇಕೆಂದು ಕೈಪಿಡಿ ಹೇಳುತ್ತದೆ. ಬೆಂಗಳೂರಿನ ನೆಲವೇ ಸುಮಾರು 3,000 ಅಡಿ ಎಂದು ನೆನೆದರೆ ಇದು ಎಷ್ಟು ಮಾಮೂಲಿ ಎತ್ತರ ಎಂದು ಗೊತ್ತಾಗುತ್ತದೆ. ಕಡಲ ಮಟ್ಟದಲ್ಲಿ ಕಲಿತವರು ಈ ಹೆಜ್ಜೆಯನ್ನೇ ಮರೆಯುವುದು. ಟಾಹೋಗೆ ಹೋಗಲೇಬೇಕಿದ್ದರೆ ಇಬ್ಬರೇ, ಬೆಳಗಿನ ಜಾವ, ಮೊದಲ ಸಲ ಬೆಟ್ಟ ಬಲ್ಲ ಬೋಧಕರ ಜೊತೆ.

ಹಣದ ಮಾತು. ಬೇ ಏರಿಯಾದಲ್ಲಿ ಇಂಧನ ಸೇರಿ ಗಂಟೆಗೆ 200 ಡಾಲರಿಗಿಂತ ಕಡಿಮೆಗೆ ಒಳ್ಳೆಯ 172ಎಸ್ ಸಿಗುವುದು ಕಷ್ಟ. ಹಾಬ್ಸ್ ಮೀಟರ್ ಎಂಜಿನ್ ತಿರುಗುವಷ್ಟು ಹೊತ್ತೂ ಓಡುತ್ತದೆ. ಪಾಲೊ ಆಲ್ಟೊದಂಥ ಗಿಜಿಗುಡುವ ನಿಲ್ದಾಣದಲ್ಲಿ ಸಾಲಿನಲ್ಲಿ ಕಾದ ಹದಿನೈದು ನಿಮಿಷಕ್ಕೂ ಬಾಡಿಗೆ. ಖರ್ಚು ಹಂಚಿಕೊಳ್ಳಲು ನಿಯಮದ ಅನುಮತಿ ಇದೆ, ಆದರೆ ಇಂಧನ, ಎಣ್ಣೆ, ನಿಲ್ದಾಣದ ಶುಲ್ಕ, ವಿಮಾನದ ಬಾಡಿಗೆ ಇವಿಷ್ಟನ್ನೇ, ಅದೂ ಕ್ಯಾಪ್ಟನ್ ತನ್ನ ಸಮಪಾಲಿಗಿಂತ ಕಡಿಮೆ ಕೊಡದೆ. ಮೂವರಿಗೆ 600 ಡಾಲರ್ ಆದರೆ ಕ್ಯಾಪ್ಟನ್ ಕನಿಷ್ಠ 200 ಕೊಡಬೇಕು. ‘ನೀನು ಹಾರಿಸಿದೆಯಲ್ಲ, ನಿನ್ನದು ನಾವೇ ಕೊಡ್ತೀವಿ’ ಎಂಬ ಸ್ನೇಹ ಇಲ್ಲಿ ಕಾನೂನಿಗೆ ವಿರುದ್ಧ. ಹೋಗುವಾಗ ಒಬ್ಬರು, ಬರುವಾಗ ಒಬ್ಬರು ಹಾರಿಸಿದರೆ ಲೆಕ್ಕವೂ ಸರಳ, ಅನುಭವವೂ ಹಂಚಿಹೋಗುತ್ತದೆ. ಕ್ಲಬ್ಬಿನ ವಿಮೆ ಮುಖ್ಯವಾಗಿ ಕಾಯುವುದು ಕ್ಲಬ್ಬಿನ ವಿಮಾನವನ್ನು. ಬಾಡಿಗೆಗೆ ಪಡೆದವರ ತಲೆಯ ಮೇಲೆ ಎಷ್ಟು ಬೀಳುತ್ತದೆ ಎಂದು ಓದಿ, ಬಾಡಿಗೆದಾರರ ವಿಮೆಯನ್ನು ಬೇರೆ ಮಾಡಿಸಿಕೊಳ್ಳಬೇಕು.

ಇಂಧನದಲ್ಲೂ ಈಗ ಒಂದು ಗಂಟು ಇದೆ. 2022ರ ಜನವರಿ 1ರಿಂದ ಸಾಂತಾ ಕ್ಲಾರಾ ಕೌಂಟಿ ತನ್ನ ರೀಡ್-ಹಿಲ್‌ವ್ಯೂ ಮತ್ತು ಸ್ಯಾನ್ ಮಾರ್ಟಿನ್ ನಿಲ್ದಾಣಗಳಲ್ಲಿ ಸೀಸವಿರುವ ನೀಲಿ ವಿಮಾನ ಪೆಟ್ರೋಲ್ 100 ಎಲ್‌ಎಲ್ ಮಾರಾಟ ನಿಲ್ಲಿಸಿತು. ಅಲ್ಲಿ ಇಳಿದು ಸೀಸರಹಿತ ಇಂಧನ ತುಂಬಿಸುವ ಮೊದಲು, ಬಾಡಿಗೆಗೆ ತಂದ ಆ ವಿಮಾನಕ್ಕೇ ಅದರ ಅನುಮತಿ ಪತ್ರ ಇದೆಯೇ ಎಂದು ಕ್ಲಬ್ಬನ್ನು ಕೇಳಿ. ಎಂಜಿನ್ ಒಂದೇ ಆದರೂ ಕಾಗದ ವಿಮಾನದಿಂದ ವಿಮಾನಕ್ಕೆ ಬೇರೆ.

ಬದಲಿ ವಿಮಾನಗಳೂ ಇವೆ. ಸೆಸ್ನಾ 152 ಅಗ್ಗ, ಇಬ್ಬರು ದೊಡ್ಡವರು ಕುಳಿತರೆ ಇಂಧನಕ್ಕೆ ಜಾಗವಿಲ್ಲ. ಪೈಪರ್ ಆರ್ಚರ್ ಹಾರಾಟ ನಯ, ಆದರೆ ಇರುವುದು ಒಂದೇ ಬಾಗಿಲು, ಎಡ ಬಲ ಟ್ಯಾಂಕ್ ನೆನಪಿಟ್ಟು ಬದಲಿಸುತ್ತಿರಬೇಕು. 172ರಲ್ಲಿ ಟ್ಯಾಂಕ್ ಆರಿಸುವ ಹಿಡಿಯನ್ನು ‘ಬೋತ್’ (ಎರಡೂ) ಎಂದು ಇಟ್ಟರೆ ಮುಗಿಯಿತು. ಮೂವರಿಗೆ 172ಎಸ್ ಎಂದೇ ತೀರ್ಮಾನವಾದರೆ ಕ್ಲಬ್ಬಿನ ಪಟ್ಟಿಯಲ್ಲಿ ಬಣ್ಣ, ಪರದೆ, ಚರ್ಮದ ಸೀಟು ನೋಡಬೇಡಿ. ಪ್ರತಿ ವಿಮಾನದ ತೂಕದ ಹಾಳೆ ತೆರೆದು ಯಾವುದರ ಖಾಲಿ ತೂಕ ಕಡಿಮೆ ಇದೆ ನೋಡಿ, ಅದನ್ನೇ ಬುಕ್ ಮಾಡಿ. ಪರದೆಗಳ ಬದಲು ಹಳೆಯ ದುಂಡು ಮುಳ್ಳಿನ ಮೀಟರ್‌ಗಳಿರುವ 172ಎಸ್ ಕೆಲವೊಮ್ಮೆ ಹೊಸದಕ್ಕಿಂತ 40, 50 ಪೌಂಡ್ ಹಗುರ ಇರುತ್ತದೆ. ಅಷ್ಟರಲ್ಲಿ ಮೂವರ ಚೀಲಗಳೂ ಡಬ್ಬಿಗಳೂ ಹೋಗುತ್ತವೆ.